ದೀಪ ಅಂಗಳಕ್ಕೆ ಬಂದ ವರ್ಷ

ನಮ್ಮ ಕಡೆ ಚಳಿಗಾಲಕ್ಕೆಂದು ಯಾರೂ ತಯಾರಿ ಮಾಡುವುದಿಲ್ಲ. ಒಂದು ಹಳೆಯ ಕಂಬಳಿ, ಬಚ್ಚಲ ಹಂಡೆಯಲ್ಲಿ ಬಿಸಿನೀರು, ಅಷ್ಟಾದರೆ ಸುಳ್ಯದ ಚಳಿ ಮುಗಿಯಿತು. ಚಳಿಗಾಲದಲ್ಲಿ ನಾವು ತಯಾರಾಗುವುದು ಮಳೆಗಾಲಕ್ಕೆ. ಮಳೆ ಇನ್ನೂ ಐದು ತಿಂಗಳು ದೂರ ಇರುವಾಗಲೇ ಗುಡ್ಡೆಯಲ್ಲಿ ಮನೆಯ ಛಾವಣಿಗೆ ಹೊದಿಸುವ ಮುಳಿಹುಲ್ಲು ಬಲಿಯುತ್ತದೆ. ಅದನ್ನು ಕೊಯ್ದು, ಒಣಗಿಸಿ, ಬಣವೆ ಹಾಕಿ ಇಟ್ಟುಕೊಂಡವರ ಮಾಡು ಮಾತ್ರ ಮಳೆಯಲ್ಲಿ ಸೋರುವುದಿಲ್ಲ. ಉಳಿದವರದು ಬೆಂಕಿ ಬಿದ್ದಾಗ ಬಾವಿ ತೋಡುವ ಬಾಳು.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಇಪ್ಪತ್ತನಾಲ್ಕು. ಮರ್ಕಂಜದಿಂದ ಆ ಮನೆಗೆ ಸೊಸೆಯಾಗಿ ಬಂದು ಐದು ವರ್ಷವಾಗಿತ್ತು. ಮನೆಯಲ್ಲಿ ಗಂಡ, ಅತ್ತೆ, ನಾನು, ಮೂರೇ ಜನ. ಹಂಚು ಹಾಕಿಸಿದವರು ಊರಿಗೆ ಒಬ್ಬಿಬ್ಬರು. ನಮ್ಮದು ಮುಳಿಹುಲ್ಲಿನ ಮಾಡು, ಮಣ್ಣಿನ ಗೋಡೆ. ಹುಲ್ಲು ಪ್ರತಿ ವರ್ಷ ಬದಲಾಗಬೇಕು. ಒಂದು ಮಳೆಗಾಲ ಹಳೆಯ ಹುಲ್ಲಿನಲ್ಲಿ ಕಳೆದರೆ ನೀರು ಗೋಡೆಗೆ ಇಳಿದು, ಗೋಡೆ ಕರಗಿ ಕುಳಿತುಕೊಳ್ಳುತ್ತದೆ. ಹಾಗೆ ಕರಗಿ ಹೋದ ಒಂದು ಮನೆಯ ಅಡಿಪಾಯ ನಮ್ಮ ಗದ್ದೆಯ ಆಚೆಯೇ ಇತ್ತು. ಅದರ ಮೇಲೆ ಬಸಳೆ ಹಬ್ಬಿತ್ತು.

ಆ ವರ್ಷ ಹುಲ್ಲು ಅರ್ಧ ಕೊಯ್ದಾಗಿತ್ತು. ಗಂಡ ಗದ್ದೆಗೆ ಸೊಪ್ಪು ಕಡಿಯಲು ಮರ ಹತ್ತಿದವರು ಕೊಂಬೆ ಸಮೇತ ಕೆಳಗೆ ಬಂದರು. ತೊಡೆಯ ಎಲುಬು ಮುರಿದಿತ್ತು. ಪುತ್ತೂರಿಗೆ ಕೊಂಡುಹೋಗುವ ಮಾತು ಮಾತಾಗಿಯೇ ಉಳಿಯಿತು. ಎಲುಬು ಕಟ್ಟುವ ಪಂಡಿತರು ಬಂದು, ಬಿದಿರಿನ ಸೀಳು ಇಟ್ಟು ಬಿಗಿದು, "ಮಳೆ ಹಿಡಿಯುವವರೆಗೆ ಕಾಲು ನೆಲಕ್ಕೆ ತಾಗ್ಲಿಕ್ಕೆ ಇಲ್ಲ" ಎಂದು ಹೇಳಿ ಹೋದರು. ಗಂಡನನ್ನು ಚಾವಡಿಯ ಮಂಚದ ಮೇಲೆ ಅಂಗಾತ ಮಲಗಿಸಿದೆವು. ದಿನವಿಡೀ ಮಾಡು ನೋಡುವುದೊಂದೇ ಅವರಿಗೆ ಉಳಿದ ಕೆಲಸ.

ಉಳಿದ ಅರ್ಧ ಹುಲ್ಲು ನಾನು ಕೊಯ್ದೆ. ಮುಳಿಹುಲ್ಲಿನ ಅಂಚು ಕೈ ಕೊಯ್ಯುತ್ತದೆ. ಬೆಳಿಗ್ಗೆ ಮಂಜಿಗೆ ನೆನೆದಿರುವಾಗ ಸ್ವಲ್ಪ ಮೆತ್ತಗೆ ಇರುತ್ತದೆ ಎಂದು ನಾನು ಸೂರ್ಯ ಗುಡ್ಡೆ ಏರುವ ಮೊದಲೇ ಹೋಗಿ ಕೊಯ್ದು, ಹೊರೆ ಕಟ್ಟಿ, ಹಾಗೆಯೇ ತಂದು ಬಣವೆಗೆ ಒಟ್ಟಿದೆ. ಗಂಡಸರು ಬಿಸಿಲೇರಿದ ಮೇಲೆ ಯಾಕೆ ಕೊಯ್ಯುತ್ತಾರೆ ಎಂದು ನಾನು ಕೇಳಿರಲಿಲ್ಲ. ಸೋಮಾರಿಗಳು, ತಡವಾಗಿ ಏಳುತ್ತಾರೆ ಎಂದುಕೊಂಡಿದ್ದೆ.

ಹದಿನೈದು ದಿನಗಳ ನಂತರ ಒಂದು ಚಳಿಯ ಬೆಳಿಗ್ಗೆ ಮೇಲಿನ ಮನೆಯ ಮಾವ ಬಂದರು. ತೀರಿಹೋದ ನನ್ನ ಮಾವನವರ ದಾಯಾದಿ ಅಣ್ಣ. ನಮ್ಮ ಕುಟುಂಬದ ನಾಲ್ಕು ಮನೆಗಳಿಗೆ ಅವರೇ ಯಜಮಾನರು. ಮಾಡು ಹೊದಿಸಲು ನಾಲ್ಕು ಮನೆಯ ಗಂಡಸರೂ ಮುಯ್ಯಾಳುಗಳಾಗಿ ಸೇರುತ್ತಿದ್ದರು. ನೀವು ನನ್ನ ಮಾಡಿಗೆ ಒಂದು ದಿನ ಬಂದರೆ ನಾನು ನಿಮ್ಮ ಮಾಡಿಗೆ ಒಂದು ದಿನ. ಯಾವ ದಿನ ಯಾರ ಮನೆ ಎಂದು ಹೇಳುವವರು ಈ ಮಾವ. ಅವರು ಅಂಗಳಕ್ಕೆ ಕಾಲಿಟ್ಟಾಗ ನನ್ನ ಬಣವೆಯ ನೆತ್ತಿಯಿಂದ ಅನ್ನದ ಪಾತ್ರೆಯ ಹಾಗೆ ಹಬೆ ಏಳುತ್ತಿತ್ತು.

ಅವರು ತೋಳು ಒಳಗೆ ತೂರಿಸಿ ಒಂದು ಹಿಡಿ ಹುಲ್ಲು ಎಳೆದರು. ಬೂದು ಬಣ್ಣ, ಬೂಸಲು ವಾಸನೆ. ನನ್ನ ಮುಖ ನೋಡಲಿಲ್ಲ, ಅತ್ತೆಗೆ ಹೇಳಿದರು: "ಮಂಜು ಆರದೆ ಒಟ್ಟಿದ್ದು. ಇದು ಹೆಂಗಸರು ಮಾಡುವ ಕೆಲಸ ಅಲ್ಲ. ಈ ಸಲ ನಿಮ್ಮ ಮಾಡಿಗೆ ಮುಯ್ಯಿ ಬರುದು ಹೇಗೆ? ಬಂದ್ರೆ ವಾಪಸು ಕೊಡುದು ಯಾರು?"

"ನಾನು ಕೊಡ್ತೇನೆ ಮಾವ" ಎಂದೆ. "ನಿಮ್ಮ ಗದ್ದೆಯ ನಾಟಿಗೆ ಬರ್ತೇನೆ. ಒಂದು ದಿನಕ್ಕೆ ಎರಡು ದಿನ."

"ನಾಟಿಯ ಮುಯ್ಯಿ ಬೇರೆ, ಮಾಡಿನ ಮುಯ್ಯಿ ಬೇರೆ ಮಾರಾಯ್ತಿ. ಹೆಂಗಸಿನ ದಿನಕ್ಕೆ ಗಂಡಸಿನ ದಿನ ಸಿಕ್ಕುದಿಲ್ಲ" ಎಂದು ನಕ್ಕರು. ಮತ್ತೆ ಬಹಳ ಮೃದುವಾಗಿ, "ಮಳೆಗಾಲಕ್ಕೆ ಮೂರು ಜನವೂ ನಮ್ಮಲ್ಲಿಗೆ ಬನ್ನಿ. ಕೊಟ್ಟಿಗೆಯ ಪಕ್ಕದ ಕೋಣೆ ಖಾಲಿ ಉಂಟು. ಮನೆಯನ್ನು ಮುಂದೆ ನೋಡುವ" ಎಂದರು.

ಮುಂದೆ ನೋಡುವುದಕ್ಕೆ ಬಸಳೆ ಚಪ್ಪರ ಇರುತ್ತಿತ್ತು, ಮನೆ ಇರುತ್ತಿರಲಿಲ್ಲ. ಅದು ಅವರಿಗೂ ಗೊತ್ತು, ನಮಗೂ ಗೊತ್ತು. ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಆ ಸಿಟ್ಟಿನ ಅರ್ಧ ನನ್ನ ಮೇಲೆಯೇ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಬರಗಾಲದಲ್ಲಿ ಅಧಿಕ ಮಾಸ ತಂದವಳು ನಾನೇ ಅಲ್ಲವೇ. ಅವರು ಹೋದದ್ದೇ ತಡ, ಬಣವೆ ಕೆಡವಿ, ಹುಲ್ಲನ್ನು ಗದ್ದೆಯಿಡೀ ಹರವಿದೆ. ಕೊಳೆತದ್ದನ್ನು ಗೊಬ್ಬರದ ಗುಂಡಿಗೆ ಹಾಕಿದ ಮೇಲೆ ಮೂರರಲ್ಲಿ ಎರಡು ಪಾಲು ಉಳಿಯಿತು. ಮತ್ತೆ ಗುಡ್ಡೆಗೆ ಹೋದೆ. ಈ ಸಲ ಬಿಸಿಲೇರಿದ ಮೇಲೆ.

ನಾನೇ ಮಾಡು ಹತ್ತುತ್ತೇನೆ ಎಂದು ಅತ್ತೆಗೆ ಹೇಳಿದ್ದು ಬೇಸಿಗೆಯ ಒಂದು ಮಧ್ಯಾಹ್ನ, ಗಂಜಿ ಬಡಿಸುವಾಗ. ಅವರು ಬಡಿಸುತ್ತಿದ್ದ ಕೈ ನಿಲ್ಲಿಸಿದರು. ಮನೆಯ ನೈಋತ್ಯದ ಮೂಲೆಯಲ್ಲಿ ತೀರಿಹೋದ ಹಿರಿಯರಿಗೆ ದೀಪ ಇಡುವ ಜಾಗ. ಅದರ ಮೇಲಿನ ಮಾಡಿನಲ್ಲಿ ಹೆಂಗಸಿನ ಕಾಲು ಬೀಳಬಾರದು. ಇದು ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿದ್ದ ಮಾತು. ಅತ್ತೆ ಅರವತ್ತು ದಾಟಿದವರು, ಬೆಕ್ಕು ಅಡ್ಡ ಬಂದರೂ ಹಿಂದೆ ತಿರುಗುವವರು. ಅವರು ಅಳುತ್ತಾರೆ ಎಂದು ನಾನು ಕಾದೆ.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ದೀಪ ಅಂಗಳದ ತುಳಸಿಕಟ್ಟೆಯ ಪಕ್ಕದಲ್ಲಿತ್ತು. ಕೆಳಗೆ ಮಣೆ, ಮೇಲೆ ಬುಟ್ಟಿಯ ಮರೆ. ಅತ್ತೆ ಬತ್ತಿ ಹೊಸೆಯುತ್ತಿದ್ದರು.

"ದೀಪ ಎಲ್ಲಿ ಉಂಟೋ ಹಿರಿಯರೂ ಅಲ್ಲಿ" ಎಂದರು. "ಅವರಿಗೂ ಸೋರುವ ಮಾಡು ಬೇಡ. ನೀನು ಹತ್ತು."

ಸೀರೆಯ ನೆರಿಗೆ ಮೇಲೆತ್ತಿ ಸಿಕ್ಕಿಸಿ, ತಲೆಗೆ ಗಂಡನ ಅಡಿಕೆ ಹಾಳೆಯ ಟೊಪ್ಪಿ ಇಟ್ಟು ಹತ್ತಿದೆ. ಹಳೆಯ ಹುಲ್ಲು ಕಿತ್ತು, ಹೊಸದನ್ನು ಸೂರಿನಿಂದ ಶುರುಮಾಡಿ ಸಾಲು ಸಾಲಾಗಿ ಹರಡಿ, ಮೇಲೆ ಬಿದಿರಿನ ಪಟ್ಟಿ ಅದುಮಿ ಬಳ್ಳಿಯಲ್ಲಿ ಬಿಗಿಯಬೇಕು. ಅತ್ತೆ ಕೆಳಗಿನಿಂದ ಕೋಲಿಗೆ ಸಿಕ್ಕಿಸಿ ಕಟ್ಟು ಕಟ್ಟು ಹುಲ್ಲು ಮೇಲೆತ್ತಿ ಕೊಟ್ಟರು. ಮೊದಲ ದಿನ ನಾನು ಹೊದಿಸಿದ್ದನ್ನು ಕೋಳಿಯೂ ಒಪ್ಪುತ್ತಿರಲಿಲ್ಲ.

ಆಗ ಒಳಗಿನಿಂದ ಗಂಡನ ದನಿ ಕೇಳಿತು. ಎರಡು ತಿಂಗಳು ಸರಿಯಾಗಿ ಮಾತಾಡದೆ ಬಿದ್ದಿದ್ದ ಮನುಷ್ಯ.

"ಎಡಕ್ಕೆ ಒಂದು ಗೇಣು. ಬೆಳಕು ಕಾಣ್ತದೆ."

ನಾನು ಎಡಕ್ಕೆ ಒಂದು ಹಿಡಿ ತುರುಕಿದೆ.

"ಈಗ ಇಲ್ಲ. ಅದರ ಕೆಳಗೆ ಇನ್ನೊಂದು ಉಂಟು, ಸಾಸಿವೆಯಷ್ಟು."

ಬೆಳಕು ಬರುವಲ್ಲಿ ನೀರೂ ಬರುತ್ತದೆ. ಮಾಡಿನ ಮೇಲೆ ಕುಳಿತವನಿಗೆ ಅದು ಕಾಣುವುದಿಲ್ಲ. ಅಂಗಾತ ಮಲಗಿದವನಿಗೆ ನಕ್ಷತ್ರದ ಹಾಗೆ ಕಾಣುತ್ತದೆ. ಮುಯ್ಯಾಳುಗಳು ಬಂದರೆ ಆರು ಜನವೂ ಮೇಲೆ ಹತ್ತಿ ಹರಟುವವರು. ಕೆಳಗೆ ಮಲಗಿ ನೋಡುವ ಪುರುಸೊತ್ತು ಯಾವ ಗಂಡಸಿಗಿತ್ತು? ಮುರಿದ ಕಾಲು ನಮಗೆ ಆ ಪುರುಸೊತ್ತು ಕೊಟ್ಟಿತು. ಒಂದೊಂದು ಸಾಲು ಮುಗಿದಾಗಲೂ ಅತ್ತೆ, ನಾನು ಸೇರಿ ಮಂಚ ಎಳೆದು ಮುಂದಿನ ಸಾಲಿನ ಕೆಳಗೆ ಇಡುತ್ತಿದ್ದೆವು. ಗಂಡ ಕೆಳಗಿನಿಂದ ಗದರುತ್ತಿದ್ದರು, ನಾನು ಮೇಲಿನಿಂದ ಬೈಯುತ್ತಿದ್ದೆ. ಮದುವೆಯಾದ ಮೇಲೆ ನಾವು ಅಷ್ಟು ಮಾತಾಡಿದ್ದು ಅದೇ ಮೊದಲು.

ಗಂಡಸರಿಗೆ ಒಂದು ದಿನದ ಕೆಲಸ ನಮಗೆ ಒಂಬತ್ತು ದಿನ ಹಿಡಿಯಿತು. ಮೇಲಿನ ಮನೆಯ ಮಾವ ದಾರಿಯಲ್ಲಿ ಎರಡು ಸಲ ಹೋದರು. ಒಂದು ಸಲವೂ ತಲೆ ಎತ್ತಲಿಲ್ಲ.

ಊರಿನ ಲೆಕ್ಕದಲ್ಲಿ ಪತ್ತನಾಜೆಯೆಂದರೆ ಗಡುವು. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ ತಿಂಗಳ ಕೊನೆಗೆ ಬರುತ್ತದೆ. ಯಕ್ಷಗಾನದ ಆಟ, ಭೂತದ ಕೋಲ ಎಲ್ಲ ಮುಗಿದು, ಆಮೇಲೆ ಮಳೆಯದ್ದೇ ಕಾರುಬಾರು. ಅದರೊಳಗೆ ಎಲ್ಲ ಮಾಡುಗಳೂ ಮುಚ್ಚಿರಬೇಕು. ಯಜಮಾನರ ಮನೆಯದು ಯಾವತ್ತೂ ಕೊನೆಯ ಸರದಿ, ಅದು ಅವರ ದೊಡ್ಡಸ್ತಿಕೆ. ಆ ವರ್ಷ ಪತ್ತನಾಜೆಗೆ ಎರಡು ದಿನವಿರುವಾಗ ಮಾವನ ಮಾಡಿನ ಹಳೆಯ ಹುಲ್ಲು ಕಿತ್ತರು. ಸಂಜೆಯಿಂದಲೇ ಅವರ ಇಬ್ಬರು ಗಂಡುಮಕ್ಕಳಿಗೂ ಚಳಿಜ್ವರ. ಉಳಿದ ಮುಯ್ಯಾಳುಗಳು ಒಂದು ಸಾವಿನ ಸುದ್ದಿ ಕೇಳಿ ಕಡಬದ ಕಡೆ ಹೋದವರು ಹಿಂದೆ ಬಂದಿರಲಿಲ್ಲ. ಮರುದಿನ ಹತ್ತು ಗಂಟೆಗೆಲ್ಲ ಪಡುವಣದಲ್ಲಿ ಮೋಡ ಕಟ್ಟಿತು. ಮೇಲಿನ ಮನೆ ಎಲುಬುಗೂಡಿನ ಹಾಗೆ ನಿಂತಿತ್ತು.

ನನಗೆ ಕರುಣೆ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಹೆಂಗಸಿನ ದಿನಕ್ಕೆ ಗಂಡಸಿನ ದಿನ ಸಿಗುವುದಿಲ್ಲವಂತೆ. ಸಿಗದಿದ್ದರೆ ಕೊಡುತ್ತೇನೆ, ಇಟ್ಟುಕೊಳ್ಳಲಿ ಎಂಬ ಹಟ. ಏಣಿ ಹೆಗಲಿಗೇರಿಸಿದೆ. ಅತ್ತೆ ಕೋಲು ಹಿಡಿದು ಹಿಂದೆಯೇ ಬಂದರು.

ಮಾವ ಅಂಗಳದಲ್ಲಿ ಒಬ್ಬರೇ ನಿಂತಿದ್ದರು. ಏಣಿಯನ್ನು ಸೂರಿಗೆ ಒರಗಿಸಿ ನಾನೂ ನಿಂತೆ. ಅವರ ಮನೆಯ ದೀಪವೂ ನೈಋತ್ಯದ ಮೂಲೆಯಲ್ಲೇ ಇರುವುದು. ಅದರ ಮಾತು ಎತ್ತಬೇಕಾದವಳು ನಾನಲ್ಲ. ಅವರು ಮೋಡ ನೋಡಿದರು, ಏಣಿ ನೋಡಿದರು, ಅತ್ತೆಯ ಮುಖ ನೋಡಿದರು.

"ನಿಮ್ಮಲ್ಲಿ ಎಂತ ಮಾಡಿದ್ದು?" ಎಂದು ಅತ್ತೆಯನ್ನು ಕೇಳಿದರು.

"ಅಂಗಳಕ್ಕೆ ತಂದದ್ದು" ಎಂದರು ಅತ್ತೆ. "ಮತ್ತೆಂತ ಮಾಡುದು?"

ಮಾವ ಒಳಗೆ ಹೋದರು. ಸುಮಾರು ಹೊತ್ತು ಬರಲಿಲ್ಲ. ಬಂದಾಗ ಎರಡೂ ಕೈಯಲ್ಲಿ ಹಿತ್ತಾಳೆಯ ದೀಪ ಇತ್ತು, ಗಾಳಿಗೆ ನಂದದಂತೆ ಎದೆಗೆ ಒತ್ತಿ ಹಿಡಿದಿದ್ದರು. ಅದನ್ನು ತುಳಸಿಕಟ್ಟೆಯ ಪಕ್ಕದಲ್ಲಿಟ್ಟು, ತಲೆಯ ಮುಂಡಾಸು ಬಿಚ್ಚಿ ಮರೆ ಮಾಡಿದರು.

ನಾನು ಹತ್ತಿದೆ. ಮೇಲಿನಿಂದ ಅವರ ಬೋಳು ನೆತ್ತಿ ಮೊದಲ ಸಲ ಕಂಡಿತು. ಅತ್ತೆ ಹುಲ್ಲು ಎತ್ತಿ ಕೊಟ್ಟರು. ಮೊದಲ ಸಾಲು ಬಿಗಿದ ಮೇಲೂ ಮಾವ ಅಂಗಳದಲ್ಲಿ ಕೈ ಎಲ್ಲಿಡುವುದು ಎಂದು ತಿಳಿಯದೆ ನಿಂತೇ ಇದ್ದರು.

"ಮಾವ" ಎಂದೆ, "ನೀವು ಒಳಗೆ ಹೋಗಿ ಅಂಗಾತ ಮಲಗಿ. ಎಲ್ಲಿ ಬೆಳಕು ಕಾಣ್ತದೆ, ನಂಗೆ ಹೇಳಿ."