ಕಾಕನಕೋಟೆಗೆಂದು ಕೊಂಡ ಕ್ಯಾಮರಾ

ಆನೆಗಳ ಪಟ ನನ್ನ ಗೆಳೆಯನ ಹೊಗೆಸೊಪ್ಪಿನ ಮಂಡಿಯ ಗೋಡೆಯ ಮೇಲೆ ತೂಗುತ್ತಿರಬಹುದು. ಕ್ಯಾಮರಾ ಆರಿಸಿದವನು ಮಾತ್ರ ನಾನು.

ಆಗಿನ್ನೂ ಅರಸರ ಕಾಲ. ನಾನು ಹುಣಸೂರಿನಲ್ಲಿ ಮೇಷ್ಟ್ರು; ಅವನು ಅಪ್ಪನ ಹೊಗೆಸೊಪ್ಪಿನ ಮಂಡಿ ನೋಡಿಕೊಳ್ಳುತ್ತಿದ್ದ. ಚಿಕ್ಕಂದಿನಿಂದ ಗೆಳೆಯರು. ಬೇಸಿಗೆ ರಜೆಯಲ್ಲಿ ಇಬ್ಬರೂ ಹೆಗ್ಗಡದೇವನಕೋಟೆ ದಾಟಿ, ಕಾಕನಕೋಟೆ ಕಾಡಿನಲ್ಲಿ ಕಪಿಲೆಯ ದಂಡೆ ಹಿಡಿದು ನಡೆಯಬೇಕು, ನೀರಿಗಿಳಿದ ಆನೆಗಳ ಪಟ ತೆಗೆಯಬೇಕು ಎಂಬುದು ನಮ್ಮ ಹುಚ್ಚು. ಆ ವರ್ಷ ನನ್ನ ತಲೆಯಲ್ಲಿ ಬೇರೆ ಯೋಚನೆಯೇ ಇರಲಿಲ್ಲ.

ಮೈಸೂರಿನ ಅಂಗಡಿಯಲ್ಲಿ ಅವನ ಕಣ್ಣು ಮಡಿಚುವ ಕ್ಯಾಮರಾದ ಮೇಲೆ ಬಿತ್ತು. ತೆರೆದರೆ ಹಾರ್ಮೋನಿಯಂ ತಿದಿಯ ಹಾಗೆ ಮೂತಿ ಮುಂದೆ ಬರುತ್ತಿತ್ತು.

"ಜೇಬಲ್ಲಿ ಇಡ್ಕೊಂಡು ಓಗ್ಬೋದು ಕಣ್ಲಾ," ಎಂದ.

ನಾವು ಹೊರಟಿರುವುದು ಕಾಡಿಗೋ ಮದುವೆಗೋ ಎಂದು ರೇಗಿದೆ. ಆ ತಿದಿಗೆ ಒಂದು ಮುಳ್ಳು ಚುಚ್ಚಿದರೆ ಬೆಳಕು ನುಗ್ಗಿ ಫಿಲ್ಮೆಲ್ಲ ಹಾಳು. ನಾನು ಹಿಡಿದದ್ದು ತಗಡಿನ ಡಬ್ಬಿ ಕ್ಯಾಮರಾ. ಅಂದವಿಲ್ಲ, ಚೆಂದವಿಲ್ಲ. ಕೆಡುವುದಕ್ಕೆ ಒಳಗೆ ಏನಾದರೂ ಇರಬೇಕಲ್ಲ! ಕೊನೆಗೆ ಡಬ್ಬಿಯೇ ಗೆದ್ದಿತು. ಕ್ಯಾಮರಾ ನನ್ನದು, ತಿರುಗಾಟ ಇಬ್ಬರದು ಎಂದು ಮಾತಾಯಿತು.

ಅದರ ಗಟ್ಟಿತನ ನೋಡಲು ಹೊಗೆಸೊಪ್ಪಿನ ಗಾಡಿಯಲ್ಲಿ ಕಟ್ಟಿಕೊಂಡು ಪಿರಿಯಾಪಟ್ಟಣದ ಸಂತೆಗೆ ಹೋಗಿಬಂದೆವು. ನಮ್ಮ ಸೊಂಟ ಬಿದ್ದುಹೋಯಿತು, ಡಬ್ಬಿಗೆ ಏನೂ ಆಗಲಿಲ್ಲ. ಆಯುಧಪೂಜೆಯ ದಿನ ನನ್ನ ಅಜ್ಜಿ ಅದನ್ನು ಕುಡುಗೋಲು, ಮಚ್ಚುಗಳ ಪಕ್ಕದಲ್ಲಿಟ್ಟು ಕುಂಕುಮ ಹಚ್ಚಿದಳು. ಮಸೂರಕ್ಕೇ ಹಚ್ಚಲು ಹೊರಟಿದ್ದಳು ಮಹಾತಾಯಿ. ಕೈ ಹಿಡಿದು ತಪ್ಪಿಸಿದೆ.

ಬೇಸಿಗೆ ರಜೆ ಬಂತು. ನಾವು ಹೊರಡುವ ವಾರದಲ್ಲೇ ಅಜ್ಜಿ ತೀರಿಕೊಂಡಳು. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳು. ಮಣ್ಣಾದ ಮಾರನೆಯ ದಿನ ಅವನು ಮನೆಗೆ ಬಂದ.

"ಸೂತಕದಲ್ಲಿ ಕಾಡಿಗೆ ಕಾಲಿಡಂಗಿಲ್ಲ ಕಣ್ಲಾ, ಗಡಿ ಮಾರಮ್ಮ ಸುಮ್ಕಿರಾಕಿಲ್ಲ. ತಿಥಿ ಕಳೀಲಿ, ಜೊತೇಲೇ ಓಗವಾ. ಪೂಜೆ ಮಾಡಿರೋ ಸಾಮಾನು ಸೂತಕದ ಮನೇಲಿ ಯಾಕೆ? ನಮ್ಮನೇಲಿ ಇರ್ಲಿ ಬುಡು."

ನಮ್ಮ ಕಡೆ ಇಂಥ ಮಾತಿಗೆ ಯಾರೂ ಎದುರಾಡುವುದಿಲ್ಲ. ಎಷ್ಟು ಕಾಳಜಿ ಇವನಿಗೆ ಎಂದುಕೊಂಡು ಫಿಲ್ಮಿನ ಸುರುಳಿಯನ್ನೂ ಸೇರಿಸಿಯೇ ಕೊಟ್ಟೆ.

ತಿಥಿ ಮುಗಿದ ಮೇಲೆ ಹೋಗಿ ಯಾವಾಗ ಹೊರಡೋಣ ಎಂದು ಕೇಳಿದರೆ, ಮಂಡಿಯಲ್ಲಿ ಬಿಡುವಿಲ್ಲ ಎಂದ. ಇವತ್ತು ನಾಳೆ ಎನ್ನುತ್ತಲೇ ರಜೆ ಮುಗಿಸಿದ. ಆಮೇಲೊಮ್ಮೆ ಸ್ಕೂಲಿನ ಕೆಲಸಕ್ಕೆ ಮೈಸೂರಿಗೆ ಹೋದವನು ಕ್ಯಾಮರಾ ಅಂಗಡಿಗೂ ಕಾಲಿಟ್ಟೆ. ನಮ್ಮಿಬ್ಬರನ್ನೂ ಬಲ್ಲ ಅಂಗಡಿಯವರು ನಗುನಗುತ್ತಾ ಒಂದು ಲಕೋಟೆ ಕೊಟ್ಟರು. "ನಿಮ್ಮ ಸ್ನೇಹಿತರು ಫಿಲ್ಮ್ ತೊಳೆಯೋಕೆ ಕೊಟ್ಟಿದ್ರಲ್ಲ, ಚೆನ್ನಾಗಿ ಬಂದಿವೆ. ನೀವೇ ತಗೊಂಡು ಹೋಗಿ."

ಒಳಗೆ ಕಪಿಲೆ ಇತ್ತು. ನೀರಿನಲ್ಲಿ ಆನೆಗಳ ಬೆನ್ನುಗಳಿದ್ದವು. ಕೊನೆಯ ಪಟದಲ್ಲಿ ಅವನೇ, ಸೊಂಟದ ಮೇಲೆ ಕೈಯಿಟ್ಟು ದಂಡೆಯ ಮೇಲೆ ನಿಂತಿದ್ದ. ಇವನು ಇಲ್ಲಿ ನಿಂತಿದ್ದರೆ ಪಟ ತೆಗೆದವನು ಯಾರು? ಮರಳಿನ ಮೇಲೆ ತೆಗೆದವನ ನೆರಳು ಬಿದ್ದಿತ್ತು, ತಲೆಯ ಮೇಲೆ ಹ್ಯಾಟು. ನಮ್ಮೂರಲ್ಲಿ ಹ್ಯಾಟು ಹಾಕುತ್ತಿದ್ದವನು ತೇಗದ ಕಂಟ್ರಾಕ್ಟರರ ಮಗನೊಬ್ಬನೇ.

ಬಸ್ಸಿಳಿದವನೇ ಮಂಡಿಗೆ ಹೋಗಿ ಪಟಗಳನ್ನು ಅವನ ಮುಂದೆ ಎಸೆದೆ. ಅವನು ಬಗ್ಗಿ ಒಂದೊಂದಾಗಿ ಆಯ್ದುಕೊಂಡ.

"ಅವ್ರ ತಾವ ಕಾರಿತ್ತು ಕಣ್ಲಾ," ಎಂದ. ಪಟಗಳ ಧೂಳು ಒರೆಸುತ್ತಾ, "ನಿನ್ ಡಬ್ಬಿ ಗಟ್ಟಿ ಬುಡು. ಬಂಡೆ ಮೇಲಿಂದ ಬಿದ್ರೂ ಏನೂ ಆಗ್ನಿಲ್ಲ," ಎಂದು ಹೊಗಳಿದ ಬೇರೆ!

ಡಬ್ಬಿಯ ಗಟ್ಟಿತನ ಕೇಳಲು ನಾನು ಬಂದಿರಲಿಲ್ಲ. "ಸೂತಕ ಅಂತ ಬಂದು ಹೇಳ್ದಾಗ್ಲೇ ಅವನ ಜೊತೆ ಹೊರಡೋದು ಗೊತ್ತಿತ್ತಾ ನಿಂಗೆ?"

ಅವನು ತಲೆ ಎತ್ತಲಿಲ್ಲ. "ಅದ್ರ ಇಂದ್ಲು ದಿನ್ವೇ ಮಾತಾಗಿತ್ತು. ಅಜ್ಜೀನ ಮಣ್ ಮಾಡಕ್ಕೆ ಮುಂಚೆ."

ಅವತ್ತು ಅಜ್ಜಿಯ ಗುಂಡಿಯ ಪಕ್ಕ ಕುಸಿದು ಕೂತಿದ್ದ ನನ್ನನ್ನು ತಬ್ಬಿ ಎಬ್ಬಿಸಿದವನು ಅವನೇ. ಅವನ ಭುಜದ ಮೇಲೆ ತಲೆಯಿಟ್ಟು ಮನೆಯವರೆಗೂ ಅತ್ತುಕೊಂಡು ಬಂದಿದ್ದೆ.