ಅತ್ತೆಯ ಮೂರನೆಯ ಸಾಲು

ವಾರವೆಲ್ಲ ಲಿಫ್ಟ್ ರಿಪೇರಿ, ಶನಿವಾರ ಸಂಜೆ ಕೆಫೆಯಲ್ಲಿ ರಾಕ್ ಗಿಟಾರ್. ಮದುವೆಯಾಗಿ ಅತ್ತೆಯ ಮನೆಯಲ್ಲೇ ನೆಲೆ ನಿಂತದ್ದರಿಂದ ಬೀದಿಗೆಲ್ಲ ಅವರು ಅಳಿಯಂದಿರು.

ಅವರ ವಾದ್ಯಕ್ಕೆ ಕಿಟಕಿ ಗಾಜು ನಡುಗುತ್ತಿತ್ತು. ಕಲಿತದ್ದು ಮಾತ್ರ ಹಳೆಯ ಬ್ಲೂಸ್ ರೆಕಾರ್ಡುಗಳಿಂದ. ಅಮೆರಿಕದಲ್ಲಿ ಮೈಮುರಿದು ದುಡಿದ ಕಪ್ಪು ಜನರ ಹಾಡು ಅದು. ಒಂದು ಸಂಕಟವನ್ನು ಎರಡು ಸಲ ಹೇಳುವುದು, ಮೂರನೆಯ ಸಾಲಿನಲ್ಲಿ ಅದರ ಜುಟ್ಟು ಹಿಡಿಯುವುದು. ರಾಕ್ ಅಂದರೂ ಅದೇ ಹಾಡು, ಕರೆಂಟು ಕೊಟ್ಟಿದ್ದಾರೆ ಅಷ್ಟೇ ಎನ್ನುತ್ತಿದ್ದರು.

ಆದರೆ ಅಳಿಯಂದಿರಿಗೆ ಸಂಕಟವೆಂಬುದೇ ಇರಲಿಲ್ಲ. ಹೆಂಡತಿ ಒಳ್ಳೆಯವಳು, ಹೊತ್ತಿಗೆ ಸರಿಯಾಗಿ ಊಟ, ದಿಂಬಿಗೆ ತಲೆ ಕೊಟ್ಟರೆ ಗೊರಕೆ. ಅವರು ಕಟ್ಟಿದ ದುಃಖದ ಹಾಡು ಕೇಳಿ ಕೆಫೆಯ ಮಾಲೀಕರು ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟರು.

"ಸದ್ದು ಭರ್ಜರಿಯಾಗಿದೆ. ಅಳು ಮಾತ್ರ ಬಾಡಿಗೆಗೆ ತಂದ ಹಾಗಿದೆ. ಬರೋ ಶನಿವಾರ ಸ್ವಂತದ್ದು ಹಾಡಿ, ಇಲ್ಲಾಂದ್ರೆ ಜಾಗ ಬೇರೆಯವರಿಗೆ."

ಅತ್ತೆ ಲಾಂಡ್ರಿಯವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಅಂಗಡಿ ನಡೆಸಿದವರು. ಇಸ್ತ್ರಿಪೆಟ್ಟಿಗೆಗೂ ಬಾಯಿಗೂ ಬಿಡುವಿಲ್ಲ. ಮರುದಿನ ಬೆಳಿಗ್ಗೆ ಎಂದಿನಂತೆ ಶುರುಮಾಡಿದರು.

"ದೀಪ ಆರಿಸೋದೇ ಇಲ್ಲ, ಅಳಿಯಂದ್ರೇ. ದೀಪ ಆರಿಸೋದೇ ಇಲ್ಲ ನೀವು. ಕರೆಂಟಿನವನೇನು ನಮ್ಮ ನೆಂಟನಾ?"

ಅಳಿಯಂದಿರು ಚಹಾ ಕೆಳಗಿಟ್ಟು ಬೆರಳು ಮಡಚಿ ಎಣಿಸಿದರು. ಎರಡು ಸಲ ಗೋಳು, ಮೂರನೆಯದಕ್ಕೆ ಏಟು! ಇಷ್ಟು ವರ್ಷ ತಲೆ ತಗ್ಗಿಸಿ ಕೇಳಿದ್ದು ಅಪ್ಪಟ ಬ್ಲೂಸ್! ಅಂದಿನಿಂದ ಬೈಸಿಕೊಳ್ಳಲೆಂದೇ ತಪ್ಪು ಮಾಡತೊಡಗಿದರು. ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆಸೆದರು, ಬೂಟುಗಳನ್ನು ಹೊಸ್ತಿಲಲ್ಲೇ ಬಿಟ್ಟರು. ಅತ್ತೆ ಒಂದು ತಪ್ಪಿಗೂ ಬೈಗುಳದಲ್ಲಿ ಮೋಸ ಮಾಡಲಿಲ್ಲ. ವಾರದೊಳಗೆ ಹಾಡು ತಯಾರಾಯಿತು.

ಶನಿವಾರ ಕೆಫೆಯಲ್ಲಿ ಡ್ರಮ್ಮು ಗುಡುಗಿತು. "ಹೊಸ್ತಿಲಲ್ಲೇ ಬೂಟು ಬಿಡ್ತೀರಿ, ಎಡವಿ ಬೀಳ್ತೀನಿ ನಾನು" ಎಂದು ಅಳಿಯಂದಿರು ಕಣ್ಣುಮುಚ್ಚಿ ಹಾಡಿದರು. ಅದನ್ನೇ ಇನ್ನೊಮ್ಮೆ ಹಾಡಿ ಕಣ್ಣು ಬಿಟ್ಟರೆ ಎದುರಿಗೆ ಹೆಂಡತಿ, ಪಕ್ಕದಲ್ಲಿ ಅತ್ತೆ! ಗಂಡನ ಹಾಡು ಕೇಳಿಸಲೆಂದು ಮಗಳೇ ಅಮ್ಮನನ್ನು ಕರೆತಂದಿದ್ದಳು. ಅಳಿಯಂದಿರು ಮೈಕಿನಿಂದ ಹಿಂದೆ ಸರಿದರು. ಮೂರನೆಯ ಸಾಲು ಹಾಡಲೇ ಇಲ್ಲ. ಡ್ರಮ್ಮಿನವನು ಸುಮ್ಮನೆ ಬಡಿಯುತ್ತಲೇ ಇದ್ದ, ಮಾಲೀಕರು ಹುಬ್ಬು ಗಂಟಿಕ್ಕಿದರು.

ಬೈಗುಳ ಅರ್ಧಕ್ಕೆ ನಿಂತರೆ ಅತ್ತೆಗೆ ತಡೆಯದು. ಎದ್ದು ನಿಂತರು. ಬಾಯಿ ತೆರೆದವರು ಯಾಕೋ ಅಳಿಯಂದಿರ ಬೂಟುಗಳತ್ತ ನೋಡಿದರು. ಆಮೇಲೆ ಬಂದ ದನಿ ಮನೆಯಲ್ಲಿ ಯಾರೂ ಕೇಳಿರದ ದನಿ.

"ನಮ್ಮನೆಯವ್ರು ಹೋದ್ಮೇಲೆ, ಎಡವೋಕೂ ಏನೂ ಇಲ್ಲದ ಹೊಸ್ತಿಲು ನೋಡಿದ್ದೀನಿ. ಬಿಡಿ, ಅಲ್ಲೇ ಬಿಡಿ."

ಡ್ರಮ್ಮು ಸಣ್ಣಗಾಯಿತು. ಅಳಿಯಂದಿರಿಗೆ ನಾಚಿಕೆಯಾಯಿತು, ಅಳುವೂ ಬಂತು. ಅತ್ತೆಗೆ ಗಿಟಾರೇ ಉತ್ತರ ಕೊಟ್ಟಿತು.

ಮಾಲೀಕರು ಮೂಗೊರೆಸಿಕೊಳ್ಳುತ್ತ ಬಂದರು. "ಮುಂದಿನ ಶನಿವಾರನೂ ಬನ್ನಿ. ಅಮ್ಮನೋರನ್ನೂ ಕರ್ಕೊಂಡು ಬನ್ನಿ."

"ಬರ್ತೀನಿ" ಎಂದರು ಅತ್ತೆ, ಸೆರಗು ಸರಿಮಾಡಿಕೊಳ್ಳುತ್ತ. "ಈ ಅಳಿಯಂದ್ರ ಬಗ್ಗೆ ಹೇಳೋದು ಇನ್ನೂ ಬೇಕಾದಷ್ಟಿದೆ."