ಹಗ್ಗ ಹಿಡಿದು ಕಲಿತ ನಾರ್ವೆ ಮಾತು

"ಬ್ರಾನ್!" ಎಂದು ಕಿರುಚಿ ಹಗ್ಗ ಎಳೆದೆ. ಪಕ್ಕದಲ್ಲಿದ್ದ ಮಾವ ಬೆಚ್ಚಿ ಕೈ ಬಿಟ್ಟರು.

"ಎಂತ ಆಯ್ತ್ ಮಾರಾಯ ನಿಂಗೆ? ಏಡಿ ಕಚ್ತಾ?"

ಕೋಡಿ ಕಡಲತಡಿಯಲ್ಲಿ ನಾವು ಹತ್ತಾರು ಜನ ದಡದಿಂದಲೇ ಎಳೆಯುವ ಕೈರಂಪಣಿ ಬಲೆ ಎಳೆಯುತ್ತಿದ್ದೆವು. ಏಡಿ ಕಚ್ಚಿರಲಿಲ್ಲ. ನನಗೆ ನಾರ್ವೆಯ ಮೀನು ಕಾರ್ಖಾನೆಯಲ್ಲಿ ಕೆಲಸ ಬೇಕಿತ್ತು. ಮರುದಿನ ಅಲ್ಲಿನ ಮೇಡಂಗೆ ವಿಡಿಯೋ ಕಾಲ್‌ನಲ್ಲಿ ಅವರ ಭಾಷೆಯ ಕೆಲವು ಪದ ಓದಿ ಹೇಳಬೇಕಿತ್ತು. ಅವರಿಗೆ ತಿಳಿಯದಿದ್ದರೆ ಕೆಲಸ ಇಲ್ಲ.

ಆ ಜನ ಎರಡು ಮೂರು ಪದ ಅಂಟಿಸಿ ಒಂದು ಮಾಡುತ್ತಾರೆ. ಬೆಂಕಿ ಆರಿಸುವ ಸಿಲಿಂಡರಿಗೆ ಬ್ರಾನ್-ಸ್ಲುಕ್-ನಿಂಗ್ಸ್-ಅಪ್-ಪಾ-ರಾಟ್. ನಾನು ಎಲ್ಲ ತುಂಡನ್ನೂ ಒಂದೇ ತೂಕದಲ್ಲಿ ಹೇಳುತ್ತಿದ್ದೆ. ಕುಂದಾಪುರದ ಕ್ಲಾಸಿನಲ್ಲಿ ಆ ಭಾಷೆ ಕಲಿಸುವ ಸರ್ ತಲೆ ಚಚ್ಚಿಕೊಂಡರು. ಮೊದಲ ತುಂಡಿಗೆ ಪೂರ್ತಿ ಒತ್ತು, ಕೊನೆಯದಕ್ಕೆ ಅರ್ಧ, ನಡುವಿನವು ಹಗುರಾಗಿ ಹೋಗಬೇಕಂತೆ. ನನ್ನ ಬಾಯಿಗೆ ಅದು ಹತ್ತಲಿಲ್ಲ.

ಕೈಗೆ ಹತ್ತಿತು. ಬಲೆ ಎಳೆಯುವುದೂ ಹಾಗೆಯೇ. ಮೊದಲು ಮೈಯೆಲ್ಲ ಹಾಕಿ ಒಂದು ಎಳೆತ, ಆಮೇಲೆ ಹಿಂದೆ ಹಿಂದೆ ಹೆಜ್ಜೆ, ಕೊನೆಗೆ ಬಿಗಿ ಮಾಡಲು ಅರ್ಧ ಎಳೆತ. ಬಲೆ ದಡ ಮುಟ್ಟುವಷ್ಟರಲ್ಲಿ ಮಾವನೂ ಸೇರಿ ಎಲ್ಲರೂ "ಬ್ರಾನ್!" ಎಂದೇ ಕೂಗಿ ಎಳೆಯುತ್ತಿದ್ದರು. ಬಲೆಯಲ್ಲಿ ಏನೂ ಇರಲಿಲ್ಲ.

"ಮೀನೆಲ್ಲ ಹೆದ್ರಿ ಮಲ್ಪೆಗ್ ಹೋಯ್ತ್" ಎಂದರು ಮಾವ.

ಮರುದಿನ ಕಾಲ್‌ಗೆ ಮೊದಲು ಬರಿಗೈಯಲ್ಲಿ ಕೂತು ಹೇಳಿ ನೋಡಿದರೆ ಒಂದು ಪದವೂ ಸರಿ ಬರಲಿಲ್ಲ. ಹಗ್ಗ ತಂದೆ. ಇನ್ನೊಂದು ತುದಿಯನ್ನು ಬಾಗಿಲಾಚೆ ಮಾವನಿಗೆ ಕೊಟ್ಟೆ.

"ಗಟ್ಟಿ ಹಿಡ್ಕಣಿ ಮಾವ. ನೀವ್ ಎಳುಕಾಗ, ಬರೀ ಹಿಡ್ಕಂಡ್ರೆ ಸಾಕ್."

"ನಾ ಎಂತಕೆ ಎಳಿಲಿ? ನಂಗೆ ನಾರ್ವೆಗ್ ಹೋಪುಕಿತ್ತಾ?"

ಅಕ್ಕ ಫೋನ್ ಹಿಡಿದಳು. ಮೊದಲಿಗೆ ನೀರಿಗೆ ಬಿದ್ದರೆ ಮುಳುಗದಂತೆ ಹಾಕುವ ಜಾಕೆಟ್ಟು, ರೆಡ್-ನಿಂಗ್ಸ್-ವೆಸ್ಟ್. ಹಗ್ಗ ಎಳೆದು ಹೇಳಿದೆ. ಮೇಡಂ ತಲೆಯಾಡಿಸಿದರು. ಮುಂದಿನದು ಆ ಸಿಲಿಂಡರೇ.

"ಬ್ರಾನ್!" ಎಂದೆ.

ಆ ಕೂಗು ಕೇಳಿದ ಮೇಲೆ ಮಾವನ ಕೈ ಸುಮ್ಮನಿರುತ್ತದೆಯೇ? ಆಚೆಯಿಂದ ಅವರೂ "ಬ್ರಾನ್!" ಎಂದು ಮೈಯೆಲ್ಲ ಹಾಕಿ ಎಳೆದರು. ನಾನು ಕುರ್ಚಿ ಸಮೇತ ಫೋನಿನಿಂದ ಮಾಯ. ಹೊಸ್ತಿಲಿನ ಮೇಲೆ ಅಂಗಾತ ಬಿದ್ದುಕೊಂಡೇ ಉಳಿದದ್ದನ್ನು ಮುಗಿಸಿದೆ. "ರಾಟ್"ಗೆ ಅರ್ಧ ಒತ್ತು ಕೊಡುವುದನ್ನೂ ಮರೆಯಲಿಲ್ಲ.

"ಹ್ವಾಯ್ ಮೇಡಂ, ಬಿದ್ದದ್ದ್ ಅವ, ಪದ ಅಲ್ಲ!" ಎಂದು ಅಕ್ಕ ಗಾಬರಿಯಲ್ಲಿ ಕನ್ನಡದಲ್ಲೇ ಕೂಗಿದಳು. ಆಮೇಲೆ ನೆನಪಾಗಿ ಇಂಗ್ಲಿಷಿನಲ್ಲಿ ಹೇಳಿದಳು. ಫೋನಿನಿಂದ ಮೇಡಂ ನಗು ಕೇಳಿತು, ನಿಲ್ಲಲೇ ಇಲ್ಲ.

"ಎಂತ ಅಂಬ್ರ್?" ಎಂದೆ ನೆಲದಿಂದಲೇ.

"ಪದ ಸಮ ಇತ್ತಂಬ್ರ್. ನೀನ್ ಬದ್ಕಿದ್ಯಾ ಅಂತ ಕೇಂತ್ರ್."

ಬದುಕಿದ್ದೇನೆ ಎಂದೆ. ಕೆಲಸ ಕೊಟ್ಟರು. ಬೇರೆ ಹೇಳುವುದಕ್ಕೆ ಏನೂ ಇಲ್ಲ.